ಕಯೋಟಿ ಓಡಾಡುವ ಬಡಾವಣೆಯಲ್ಲಿ ನಾಯಿ, ಬೆಕ್ಕು: ನಮ್ಮ ಹಿತ್ತಲನ್ನು ಭದ್ರ ಮಾಡಿದ ಬಗೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಗುಡ್ಡಕ್ಕೆ ಅಂಟಿಕೊಂಡ ಬಡಾವಣೆಗಳಿಗೆ ಕಯೋಟಿ ಹೊಸದಲ್ಲ. ನಾಯಿಯ ಜಾತಿಗೆ ಸೇರಿದ ಈ ಕಾಡುಪ್ರಾಣಿ ನಮ್ಮ ಕಡೆಯ ನರಿಗಿಂತ ತುಸು ದೊಡ್ಡದು, ತೋಳಕ್ಕಿಂತ ಚಿಕ್ಕದು. ತೂಕ ಸಾಮಾನ್ಯವಾಗಿ 9ರಿಂದ 16 ಕಿಲೋ. ಆರಡಿ ಮರದ ಬೇಲಿ ಅದಕ್ಕೆ ದೊಡ್ಡ ಅಡ್ಡಿಯೇನಲ್ಲ. ಮೇಲಕ್ಕೆ ನೆಗೆದು ಮುಂಗಾಲನ್ನು ಬೇಲಿಯ ಅಂಚಿಗೆ ಸಿಕ್ಕಿಸುತ್ತದೆ, ಹಿಂಗಾಲಿನಿಂದ ಹಲಗೆ ಒದ್ದುಕೊಂಡು ಏರುತ್ತದೆ, ಆಚೆ ಧುಮುಕುತ್ತದೆ. ಅಂಚಿನಲ್ಲಿ ಕಾಲಿಗೆ ಹಿಡಿತ ಸಿಗದ ಹಾಗೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಅದಕ್ಕೂ ಮೊದಲು ಹಿತ್ತಲಲ್ಲಿ ತಿನ್ನಲು ಏನೂ ಇರಬಾರದು. ನಾಯಿ, ಬೆಕ್ಕಿನ ಊಟದ ತಟ್ಟೆ, ನೀರಿನ ಬೋಗುಣಿ ಎರಡನ್ನೂ ಒಳಗಿಟ್ಟೆವು. ಉದುರಿದ ಅಂಜೂರ, ಪ್ಲಮ್ ಹಣ್ಣನ್ನು ಸಂಜೆಯೊಳಗೆ ಆರಿಸುತ್ತೇವೆ. ಹಕ್ಕಿಗೆ ಹಾಕುವ ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಕಯೋಟಿ. ನಮ್ಮವರ ಮನೆಗಳಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ: ಮಹಾಲಯದಲ್ಲಿ ಕಾಗೆಗೆಂದು ಹೊರಗಿಡುವ ಎಡೆ. ಕಯೋಟಿ ಮರಿಗಳು ತಾಯಿಯನ್ನು ಬಿಟ್ಟು ಹೊಸ ಜಾಗ ಹುಡುಕುತ್ತ ಅಲೆಯುವುದೂ ಅದೇ ಕಾಲದಲ್ಲಿ. ಎಡೆಯನ್ನು ಹಗಲಲ್ಲಿ ಇಟ್ಟು, ಉಳಿದದ್ದನ್ನು ಕತ್ತಲಾಗುವ ಮುಂಚೆ ತೆಗೆಯಿರಿ. ಊರಿಂದ ಬಂದ ಅಪ್ಪ ಅಮ್ಮನಿಗೂ ಇದನ್ನು ಬಿಡಿಸಿ ಹೇಳಿ. ಮಿಕ್ಕ ಅನ್ನವನ್ನು ಗಿಡದ ಬುಡಕ್ಕೆ ಸುರಿಯುವ ಅಭ್ಯಾಸ ಅವರಿಗಿರುತ್ತದೆ.

ಇನ್ನು ಬೇಲಿಯ ಅಂಚು. ಅಂಚಿನ ಮೇಲೆ ಕೂರಿಸುವ, ಕಾಲಿಟ್ಟರೆ ಉರುಳುವ ಸಿದ್ಧ ರೋಲರ್‌ಗಳು ದುಬಾರಿ, ಹಾಗಾಗಿ ಪಿವಿಸಿ ಪೈಪಿನಲ್ಲೇ ಮಾಡಿದೆವು. 1 ಇಂಚಿನ ಪೈಪನ್ನು 3 ಇಂಚಿನ ಪೈಪಿನೊಳಗೆ ಸೇರಿಸಿ, ಒಳಪೈಪಿನಲ್ಲಿ ಉಕ್ಕಿನ ಕೇಬಲ್ ಹಾಯಿಸಬೇಕು. ಬೇಲಿಯ ಮೇಲೆ 4ರಿಂದ 5 ಅಡಿಗೊಂದು ಎಲ್ ಬ್ರಾಕೆಟ್ ಕೂರಿಸಿ, ಕೇಬಲನ್ನು ಅದರ ತೂತುಗಳಲ್ಲಿ ಹಾಯಿಸಿ, ಕೊನೆಯಲ್ಲಿ ತಿರುಗಿಸಿ ಬಿಗಿಮಾಡುವ ತಿರುಪುಕೊಂಡಿ, ಅಂದರೆ ಟರ್ನ್‌ಬಕಲ್‌ನಿಂದ ಬಿಗಿಯಬೇಕು. ಕಾಲು ಇಟ್ಟ ಕೂಡಲೇ ಹೊರಪೈಪು ಗಿರ್ರನೆ ತಿರುಗಿ ಪ್ರಾಣಿ ಜಾರಿ ಬೀಳುತ್ತದೆ. ಕೇಬಲ್ ಸಡಿಲವಾದರೆ ಪೈಪು ಜೋತು ಬಿದ್ದು ಬೇಲಿಗೆ ಉಜ್ಜುತ್ತದೆ, ತಿರುಗುವುದಿಲ್ಲ; ಆದ್ದರಿಂದ ಆಗಾಗ ಬೆರಳಲ್ಲಿ ತಿರುಗಿಸಿ ನೋಡಿ. ಮೂಲೆಯಲ್ಲಿ, ಗೇಟಿನ ಮೇಲೆ ಪೈಪು ಇಲ್ಲದ ಜಾಗ ಉಳಿದರೆ ಕಯೋಟಿ ಅಲ್ಲಿಂದಲೇ ಬರುತ್ತದೆ. ನಾಲ್ಕಡಿ ಬೇಲಿಗೆ ರೋಲರ್ ಹಾಕಿ ಪ್ರಯೋಜನವಿಲ್ಲ, ಅದನ್ನು ಮುಟ್ಟದೆಯೇ ಹಾರಿಬಿಡುತ್ತದೆ. ಬೇಲಿಗೆ ತಾಗಿ ಕಸದ ಡಬ್ಬ, ಸೌದೆ ರಾಶಿ ಇದ್ದರೂ ಅಷ್ಟೇ. ಎತ್ತರ ಹೆಚ್ಚಿಸುವ ಮುನ್ನ ನಗರದ ನಿಯಮ, ಬಡಾವಣೆ ಸಂಘದ ಅನುಮತಿ ಎರಡನ್ನೂ ವಿಚಾರಿಸಿ.

ಬೇಲಿಯ ಬುಡದಲ್ಲಿ ಕಯೋಟಿ ಅಗೆದು ನುಗ್ಗುತ್ತದೆ. ಮೂರಡಿ ಅಗಲದ ಗ್ಯಾಲ್ವನೈಸ್ಡ್ ವೆಲ್ಡೆಡ್ ಜಾಲರಿಯನ್ನು ಎಲ್ ಆಕಾರಕ್ಕೆ ಬಗ್ಗಿಸಿ, ಒಂದಡಿಯನ್ನು ಬೇಲಿಗೆ ಹೊಡೆದು, ಎರಡಡಿಯನ್ನು ಹೊರಮುಖವಾಗಿ ಮಣ್ಣಿನಡಿ ಹಾಸಿದೆವು. ಕೋಳಿಗೂಡಿನ ತೆಳು ಜಾಲರಿ ಬೇಡ, ತುಕ್ಕು ಹಿಡಿದು ಹರಿಯುತ್ತದೆ. ಆಚೆ ನೆರೆಯವರ ಜಾಗವಿದ್ದರೆ ಅವರನ್ನು ಕೇಳಿಯೇ ಹಾಸಬೇಕು. ಅಗೆಯುವ ಕೆಲವು ದಿನ ಮೊದಲೇ 811ಕ್ಕೆ ಫೋನ್ ಮಾಡಿದರೆ ನೆಲದಡಿಯ ಗ್ಯಾಸ್, ವಿದ್ಯುತ್ ಲೈನುಗಳನ್ನು ಉಚಿತವಾಗಿ ಗುರುತು ಹಾಕಿ ಕೊಡುತ್ತಾರೆ. ಗೇಟಿನ ಕೆಳಗಿನ ಸಂದಿಗೆ ಹಲಗೆ ಹೊಡೆಯುವುದನ್ನು ಮರೆಯಬೇಡಿ.

ಚಲನೆಗೆ ಹೊತ್ತಿಕೊಳ್ಳುವ ದೀಪವನ್ನು ಮಾತ್ರ ನಂಬಬೇಡಿ, ಕಯೋಟಿ ಅದಕ್ಕೆ ಬೇಗ ಒಗ್ಗಿಹೋಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಮುಂಜಾನೆ, ಮುಸ್ಸಂಜೆ, ರಾತ್ರಿ ನಮ್ಮ ನಾಯಿ ಒಂಟಿಯಾಗಿ ಹಿತ್ತಲಿಗೆ ಹೋಗುವುದಿಲ್ಲ. ಬೆಕ್ಕು ಮನೆಯೊಳಗೇ ಇರಬೇಕು, ಇದರಲ್ಲಿ ರಾಜಿ ಇಲ್ಲ.

ವಾಕಿಂಗಿಗೆ ಆರಡಿಯ ಸಾದಾ ಪಟ್ಟಿ (ಲೀಶ್) ಸಾಕು. ಎಳೆದಷ್ಟೂ ಉದ್ದವಾಗುವ ಪಟ್ಟಿಯಲ್ಲಿ ನಾಯಿ ಕೈಗೆಟುಕುವುದಿಲ್ಲ. ಕಯೋಟಿ ಎದುರಾದರೆ ಓಡಬೇಡಿ, ಬೆನ್ನು ಹಾಕಬೇಡಿ. ಚಿಕ್ಕ ನಾಯಿಯನ್ನು ಎತ್ತಿಕೊಂಡು, ಕೈ ಮೇಲೆತ್ತಿ ಜೋರಾಗಿ ಕೂಗಿ, ಸೀಟಿ ಊದಿ. ಅದು ಕಣ್ಮರೆಯಾಗುವವರೆಗೂ ನಿಲ್ಲಿಸಬೇಡಿ. ಏಪ್ರಿಲ್, ಮೇ ತಿಂಗಳ ನಂತರ ಗುಡ್ಡದ ದಾರಿಯಲ್ಲಿ ಅದು ಅಂತರ ಕಾಯ್ದುಕೊಂಡು ಹಿಂಬಾಲಿಸಿದರೆ ಹತ್ತಿರದಲ್ಲೇ ಮರಿಗಳ ಬಿಲವಿರಬಹುದು. ಆಗ ಅಬ್ಬರಿಸಿ ಓಡಿಸಲು ಹೋಗದೆ, ಅದರ ಮೇಲೆ ಕಣ್ಣಿಟ್ಟು ನಿಧಾನವಾಗಿ ಹಿಂದೆ ಸರಿದು, ಕೆಲವು ವಾರ ಬೇರೆ ದಾರಿ ಹಿಡಿಯಿರಿ.

ನಾಯಿಗೆ ಕಯೋಟಿ ಕಚ್ಚಿದರೆ, ಹೊರಗೆ ಸಣ್ಣ ತೂತು ಮಾತ್ರ ಕಂಡರೂ ಅಂದೇ ಪಶುವೈದ್ಯರ ಬಳಿ ಹೋಗಿ. ಚಿಕ್ಕ ನಾಯಿಯನ್ನು ಅದು ಬಾಯಲ್ಲಿ ಹಿಡಿದು ಕೊಡವುವುದರಿಂದ ಚರ್ಮದಡಿಯ ಸ್ನಾಯು ಹರಿದಿರಬಹುದು, ಪಕ್ಕೆಲುಬು ಮುರಿದಿರಬಹುದು. ಗಾಯ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ. ರೇಬಿಸ್ ಲಸಿಕೆ ಅವಧಿಯೊಳಗೇ ಇದ್ದರೂ ಬೂಸ್ಟರ್ ಕೊಡಿಸಬೇಕಾಗುತ್ತದೆ, ಹಾಗಾಗಿ ಲಸಿಕೆಯ ಚೀಟಿಯನ್ನು ಜೊತೆಗೆ ಒಯ್ಯಿರಿ.