ರೀಲಿನ ರಾಟೆಯಲ್ಲೂ ‘ಅರ್ಧ’ ಬಂತು

ಚಲ ರಾಟೆ (ಭಾರದ ಜೊತೆಗೇ ಮೇಲೇರುವ ರಾಟೆ) ಹಾಕಿದರೆ ಅರ್ಧ ಬಲ ಸಾಕು ಎಂದು ಬೋರ್ಡಿನ ಮೇಲೆ ಬರೆಯುವುದು ಸುಲಭ. ಟೈಲರ್ ದಾರದ ಖಾಲಿ ರೀಲು, ಸೈಕಲ್ ಸ್ಪೋಕ್ ಇಟ್ಟುಕೊಂಡು ಏಳನೇ ತರಗತಿಗೆ ತೋರಿಸಹೋದರೆ 1 ಕೆಜಿ ಎತ್ತಲು 600 ಗ್ರಾಂ ದಾಟುತ್ತದೆ. ‘ಕಸದಲ್ಲಿ ಭೌತಶಾಸ್ತ್ರ ಹುಟ್ಟಲ್ಲ, ಲ್ಯಾಬ್ ಸೆಟ್ ತರಿಸಿ’ ಎಂದವರೇ ಹೆಚ್ಚು. ಅದೇ ರೀಲು ಈಗ 510ರ ಆಸುಪಾಸು ಕೊಡುತ್ತಿದೆ.

ಮೊದಲು ಕೈಬಿಟ್ಟದ್ದು ಸ್ಪ್ರಿಂಗ್ ತಕ್ಕಡಿ. ಮೇಲೆ ಕಟ್ಟಿದ ಸ್ಥಿರ ರಾಟೆಯ ಮೇಲಿಂದ ದಾರ ಕೆಳಕ್ಕೆ ಎಳೆಯುವಾಗ ಅದು ತಲೆಕೆಳಗಾಗುತ್ತದೆ. ಕೊಕ್ಕೆ ಮತ್ತು ಒಳಗಿನ ಕಡ್ಡಿಯ ತೂಕದ ಎರಡರಷ್ಟು ಕಡಿಮೆ ತೋರಿಸುತ್ತದೆ. ಮಕ್ಕಳ ಕೈಯಲ್ಲಿ ಮುಳ್ಳೂ ನಿಲ್ಲುವುದಿಲ್ಲ. ಬದಲಿಗೆ ದಾರದ ತುದಿಗೆ 1 ಲೀಟರ್ ಬಾಟಲಿ ಕಟ್ಟಿ ನೀರು ಹಾಕಿ. ಒಂದು ಮಿ.ಲೀ.ಗೆ ಒಂದು ಗ್ರಾಂ, ಜೊತೆಗೆ ಖಾಲಿ ಬಾಟಲಿಯ ತೂಕ. ಭಾರದ ಕಡೆಯಲ್ಲಿ ಮರಳಿನ ಡಬ್ಬ, ಚಲ ರಾಟೆ, ತಂತಿ, ಕೊಕ್ಕೆ ಎಲ್ಲ ಸೇರಿ 1 ಕೆಜಿ ಇರಬೇಕು. ಡಬ್ಬ ಮಾತ್ರ ತೂಗಿದರೆ ಲೆಕ್ಕ ಕೆಟ್ಟಿತು.

ಮುಖ್ಯ ವಿಷಯ ಇದು: ಎರಡು ಸಲ ಅಳೆಯಬೇಕು. ಬೆರಳಿಂದ ತುಸು ನೂಕಿದಾಗ ಭಾರ ಒಂದೇ ವೇಗದಲ್ಲಿ ಮೇಲೇರುವವರೆಗೆ ನೀರು ಹಾಕಿ. ಸುಮಾರು 615 ಬರುತ್ತದೆ. ಆಮೇಲೆ ಸಿರಿಂಜಿನಿಂದ ನೀರು ತೆಗೆಯುತ್ತ, ನೂಕಿದಾಗ ಭಾರ ನಿಧಾನವಾಗಿ ಕೆಳಗಿಳಿಯುವಲ್ಲಿ ನಿಲ್ಲಿಸಿ. 405ರ ಹತ್ತಿರ. ಏರುವಾಗ ಘರ್ಷಣೆ ನಮ್ಮ ವಿರುದ್ಧ, ಇಳಿಯುವಾಗ ನಮ್ಮ ಪರ; ಎರಡರ ಸರಾಸರಿಯಲ್ಲಿ ಅದು ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ನೂಕದೆ ಕಾದರೆ ದಾರ ಅಂಟಿಕೊಂಡೇ ಇದ್ದು ಸಂಖ್ಯೆಗಳು ಎಲ್ಲೆಲ್ಲೋ ಹೋಗುತ್ತವೆ.

ಹತ್ತಿ ಹುರಿ ಬೇಡ. ಗಾಳದ ನೈಲಾನ್ ದಾರ ಸರಿ. ರೀಲಿನ ತೂತು ಸ್ಪೋಕಿಗಿಂತ ತುಂಬ ದೊಡ್ಡದು. ತುಂಬದಿದ್ದರೆ ರೀಲು ವಾಲಿ ದಾರ ಅಂಚಿಗೆ ಉಜ್ಜುತ್ತದೆ. ನಾನು ತುಂಬಿದ್ದು ಏನೆಂದು ಹೇಳಲಾರೆ. ಅಂಗಡಿಯಲ್ಲಿ ಸಿಗುವುದಲ್ಲ, ಪ್ರತಿ ತರಗತಿಯ ಕಸದ ಬುಟ್ಟಿಯಲ್ಲಿ ಇದೆ.

ಒಂದು ಸೆಟ್ಟಿಗೆ 80–90 ರೂಪಾಯಿ ಬಿದ್ದಿರಬಹುದು, ಅರ್ಧ ಹಣ ದಾರ ಮತ್ತು ಸಿರಿಂಜಿಗೇ. 608 ಬೇರಿಂಗ್ (ಸ್ಕೇಟ್ ಚಕ್ರದೊಳಗಿರುವ ಸಣ್ಣ ಬಾಲ್ ಬೇರಿಂಗ್) ಹಾಕಿಯೂ ನೋಡಿದೆ: ಏರಲು 530, ಇಳಿಯಲು 470. ಸೊಗಸಾಗಿದೆ, ಆದರೆ ಘರ್ಷಣೆ ಕಣ್ಣಿಗೆ ಬೀಳುವುದೇ ಇಲ್ಲ. ರೀಲಿನಲ್ಲಾದರೆ ಭಾರ 10 ಸೆಂ.ಮೀ. ಏರಲು ದಾರ 20 ಸೆಂ.ಮೀ. ಇಳಿದದ್ದನ್ನು ಸ್ಕೆಚ್ ಪೆನ್ ಗುರುತಿನಲ್ಲಿ ಅಳೆದು, 615×20ನ್ನು 1000×10ರ ಪಕ್ಕ ಬರೆಸಬಹುದು. ‘ಮಿಕ್ಕ 2300 ಎಲ್ಲಿ ಹೋಯ್ತು ಸರ್?’ ಎಂದು ಅವರೇ ಕೇಳುತ್ತಾರೆ. ಶಕ್ತಿಯ ಪಾಠ ಅಲ್ಲಿಂದ ಶುರು.

ಇದೇ ಉಪಾಯ ಇಳಿಜಾರಿಗೂ ಹಿಡಿಯಿತು. 1 ಮೀಟರ್ ಹಲಗೆ, ಒಂದು ತುದಿ 30 ಸೆಂ.ಮೀ. ಎತ್ತರ, 500 ಗ್ರಾಂ ತೂಗುವ ಆಟಿಕೆ ಲಾರಿ: ಏರಲು 170, ಇಳಿಯಲು 130, ಸರಾಸರಿ 150. ಲಾರಿ ಬದಲು ಅಷ್ಟೇ ತೂಕದ ಮರದ ತುಂಡಿಟ್ಟರೆ, ಬಾಟಲಿ ಪೂರ್ತಿ ಬಿಚ್ಚಿದರೂ ಅದು ಜಾರುವುದಿಲ್ಲ. ಎರಡನೇ ಅಳತೆಯೇ ಸಿಗದು. ತುದಿಯನ್ನು 50 ಸೆಂ.ಮೀ.ಗೆ ಏರಿಸಬೇಕು. ಆಗ ಮೇಲಕ್ಕೆ 420, ಕೆಳಕ್ಕೆ ಬರೀ 80. ಅಷ್ಟು ಒರಟು ಮರದಲ್ಲೂ ಸರಾಸರಿ 250, ಬರಬೇಕಾದ್ದೂ ಅಷ್ಟೇ.