ಹಳೇ ವರ್ಷದ ತೆರಿಗೆ ನೋಟಿಸ್: ನಾನು ಬಗೆಹರಿಸಿಕೊಂಡ ರೀತಿ

2025ರ ಫೆಬ್ರವರಿಯಲ್ಲಿ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 148ಎ ಅಡಿ ನೋಟಿಸ್ ಬಂತು; ಹಳೇ ಕೇಸನ್ನು ಯಾಕೆ ಮತ್ತೆ ತೆರೆಯಬಾರದು ಅಂತ ಕೇಳುವ ನೋಟಿಸ್ ಅದು. ಯಲಹಂಕದ ಸೈಟು ಮಾರಿದ 38 ಲಕ್ಷಕ್ಕೆ ತೆರಿಗೆ ತಪ್ಪಿದೆ ಅಂತ ಅದರಲ್ಲಿತ್ತು. ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ಹಣಕಾಸು ವರ್ಷದ ಮುಂದಿನ ವರ್ಷ) 2020-21. ಪರಿಚಯದವರೊಬ್ಬರು ‘ಸುಮ್ನೆ ಕಟ್ಟಿಬಿಡಿ’ ಅಂದರು. ಯಾಕೆ ಕಟ್ಟಬೇಕು? ಲಾಭವನ್ನು ರಿಟರ್ನ್‌ನಲ್ಲೇ ತೋರಿಸಿದ್ದೆ.

ಮೊದಲು ನೋಡಬೇಕಾದ್ದು ತಾರೀಖು. 2024ರ ಸೆಪ್ಟೆಂಬರ್ 1ರಿಂದ ಜಾರಿಯಾದ ನಿಯಮದಂತೆ, ಅಸೆಸ್‌ಮೆಂಟ್ ವರ್ಷ ಮುಗಿದು ಮೂರು ವರ್ಷ ಕಳೆದ ಮೇಲೆ ಈ ನೋಟಿಸ್ ಕೊಡುವಂತಿಲ್ಲ. ಕೊಡಬೇಕಾದರೆ ತಪ್ಪಿದ ಆದಾಯ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಆಗಲೂ ಐದು ವರ್ಷದೊಳಗೆ. ನನ್ನ ಮೂರು ವರ್ಷ 2024ರ ಮಾರ್ಚ್ 31ಕ್ಕೇ ಮುಗಿದಿತ್ತು. ಅವರ ಲೆಕ್ಕದಲ್ಲೇ ಮೊತ್ತ 38 ಲಕ್ಷ, ಅಲ್ವಾ?

ಉತ್ತರದ ಮೊದಲ ಪ್ಯಾರಾದಲ್ಲೇ ಇದನ್ನು ಬರೆದೆ. ಕ್ರಯಪತ್ರ, ರಿಟರ್ನ್ ಜೊತೆಗೆ ಪೋರ್ಟಲ್‌ಗೆ ಹಾಕಿದೆ. ಕೇಸು ಮತ್ತೆ ತೆರೆಯಲು ಅರ್ಹವಲ್ಲ ಎಂಬ ಆದೇಶ ಬಂತು.