ಕ್ರಿಪ್ಟೊ ತೆರಿಗೆ ಲೆಕ್ಕ: ಒಂದೊಂದು ಮಾರಾಟಕ್ಕೂ ಒಂದೊಂದು ಸಾಲು

ಮೈಸೂರಿನ ಐಟಿ ನೌಕರರಿರಲಿ, ಮಂಡ್ಯದ ಬೆಲ್ಲದ ಮಂಡಿ ವ್ಯಾಪಾರಿಗಳಿರಲಿ, ಕ್ರಿಪ್ಟೊ (ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯ) ಕೊಂಡವರು ಎಡವುವುದು ಒಂದೇ ಜಾಗದಲ್ಲಿ. ವರ್ಷದ ಕೊನೆಗೆ ‘ಹಾಕಿದ್ದೆಷ್ಟು, ಬಂದದ್ದೆಷ್ಟು’ ಎಂದು ನೋಡಿ, ವ್ಯತ್ಯಾಸವನ್ನೇ ಲಾಭವೆಂದು ಆಡಿಟರ್‌ಗೆ ಹೇಳಿಬಿಡುತ್ತಾರೆ. ಕಾನೂನಿನ ಲೆಕ್ಕ ಬೇರೆ. 2022ರ ಏಪ್ರಿಲ್ 1ರಿಂದ ವರ್ಚುವಲ್ ಡಿಜಿಟಲ್ ಆಸ್ತಿ (ವಿಡಿಎ; ಕ್ರಿಪ್ಟೊ ಇದರಲ್ಲೇ ಬರುತ್ತದೆ) ಮಾರಿ ಬಂದ ಲಾಭಕ್ಕೆ ಶೇ 30ರಷ್ಟು ತೆರಿಗೆ, ಆ ತೆರಿಗೆಯ ಮೇಲೆ ಶೇ 4ರಷ್ಟು ಸೆಸ್ ಇದೆ. ಒಂದು ಮಾರಾಟದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ.

ಹಂತ 1: ಎಕ್ಸ್‌ಚೇಂಜ್, ಅಂದರೆ ಕ್ರಿಪ್ಟೊ ಕೊಂಡು ಮಾರುವ ವೇದಿಕೆ. ಹಣಕಾಸು ಗುಪ್ತಚರ ಘಟಕದಲ್ಲಿ (ಎಫ್‌ಐಯು) ನೋಂದಣಿಯಾದದ್ದನ್ನೇ ಬಳಸಿ. 2023ರ ಮಾರ್ಚ್‌ನಿಂದ ಈ ವ್ಯವಹಾರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಯಲ್ಲಿದೆ. ನೋಂದಣಿ ಇದ್ದ ಮಾತ್ರಕ್ಕೆ ನಿಮ್ಮ ಹಣಕ್ಕೆ ಸರ್ಕಾರದ ಖಾತರಿ ಸಿಕ್ಕಿತು ಎಂದು ತಿಳಿಯಬೇಡಿ. ‘ಮೂರು ತಿಂಗಳಲ್ಲಿ ದುಪ್ಪಟ್ಟು’ ಎನ್ನುವ ಆ್ಯಪ್ ಯಾವುದೇ ಇರಲಿ, ಮೊಬೈಲ್‌ನಿಂದ ಈಗಲೇ ತೆಗೆದುಹಾಕಿ.

ಹಂತ 2: ದಾಖಲೆ. ವಹಿವಾಟಿನ ಪೂರ್ತಿ ವಿವರವನ್ನು ತಿಂಗಳಿಗೊಮ್ಮೆ ಇಳಿಸಿಕೊಳ್ಳಿ. ಎಕ್ಸ್‌ಚೇಂಜ್ ನಿಂತುಹೋದರೆ ಕೊಂಡ ಬೆಲೆಗೆ ಪುರಾವೆ ಸಿಗುವುದಿಲ್ಲ.

ಹಂತ 3: ಲೆಕ್ಕ. ಅವಸರ ಮಾಡಬಾರದ ಹಂತ ಇದು. ಸ್ಪ್ರೆಡ್‌ಶೀಟ್‌ನಲ್ಲಿ ಐದು ಕಾಲಂ ಹಾಕಿ: ಕೊಂಡ ದಿನ, ಮಾರಿದ ದಿನ, ಕೊಂಡ ಬೆಲೆ, ಮಾರಿದ ಬೆಲೆ, ಆದಾಯ. ರೂಪಾಯಿಗೆ ಮಾರಿದರಷ್ಟೇ ಮಾರಾಟ ಅಂದುಕೊಳ್ಳಬೇಡಿ. ಒಂದು ನಾಣ್ಯ ಕೊಟ್ಟು ಇನ್ನೊಂದನ್ನು ಪಡೆದರೂ ಅದು ಮಾರಾಟವೇ.

ಉದಾಹರಣೆಗೆ, ಟಿಡಿಎಸ್ (ಮಾರುವಾಗಲೇ ಕಡಿತವಾಗುವ ತೆರಿಗೆ) ಮತ್ತು ಶುಲ್ಕ ಬದಿಗಿಟ್ಟು ನೋಡಿ. ₹60,000ಕ್ಕೆ ಬಿಟ್‌ಕಾಯಿನ್ ಕೊಂಡಿರಿ. ಅದರ ಬೆಲೆ ₹80,000 ಆದಾಗ ಡಾಲರ್ ಬೆಲೆಗೆ ಜೋಡಿಸಿದ ನಾಣ್ಯವಾದ ಯುಎಸ್‌ಡಿಟಿಗೆ ಬದಲಾಯಿಸಿದಿರಿ: ಆದಾಯ ₹20,000. ಈಗ ಆ ಯುಎಸ್‌ಡಿಟಿಯ ಕೊಂಡ ಬೆಲೆ ₹80,000. ರೂಪಾಯಿ ಲೆಕ್ಕದಲ್ಲಿ ಅದು ₹81,000ಕ್ಕೆ ಏರಿದಾಗ ಅದನ್ನು ಕೊಟ್ಟು ಸೊಲಾನಾ ಎಂಬ ಇನ್ನೊಂದು ನಾಣ್ಯ ತೆಗೆದುಕೊಂಡಿರಿ: ಆದಾಯ ₹1,000. ಸೊಲಾನಾ ಕುಸಿದು ₹61,000ಕ್ಕೆ ಮಾರಿದಿರಿ: ₹20,000 ನಷ್ಟ. ಆ ಸಾಲಿನ ಆದಾಯದ ಕಾಲಂನಲ್ಲಿ ಸೊನ್ನೆ ಬರೆಯಬೇಕು, ಮೈನಸ್ ಹಾಕಬಾರದು. ಕೈಗೆ ಬಂದ ಲಾಭ ₹1,000. ತೆರಿಗೆ ಬೀಳುವುದು ಮಾತ್ರ ₹21,000ಕ್ಕೆ: ₹6,300, ಸೆಸ್ ₹252, ಒಟ್ಟು ₹6,552. ದಿನಕ್ಕೆ ಹತ್ತು ಸಲ ನಾಣ್ಯ ಬದಲಾಯಿಸುವವರು ಈ ಲೆಕ್ಕವನ್ನು ಎರಡು ಸಲ ಓದಬೇಕು.

ಕೊಂಡ ಬೆಲೆ ಬಿಟ್ಟು ಬೇರೇನನ್ನೂ ಕಳೆಯಬೇಡಿ. ಇಂಟರ್ನೆಟ್, ಲ್ಯಾಪ್‌ಟಾಪ್, ಸಲಹೆಗಾರರ ಫೀ ಯಾವುದೂ ಇಲ್ಲಿ ಖರ್ಚಲ್ಲ. ಒಂದೇ ನಾಣ್ಯವನ್ನು ಬೇರೆ ಬೇರೆ ದಿನ ಕೊಂಡಿದ್ದರೆ ಮೊದಲು ಕೊಂಡದ್ದು ಮೊದಲು ಹೋಯಿತು ಎಂಬ ಕ್ರಮ ಹಿಡಿಯಿರಿ. ನಡುವೆ ಕ್ರಮ ಬದಲಿಸಬೇಡಿ.

ನಿಮ್ಮದೇ ಒಂದು ವ್ಯಾಲೆಟ್‌ನಿಂದ (ನಾಣ್ಯ ಇಡುವ ಡಿಜಿಟಲ್ ಚೀಲ) ಇನ್ನೊಂದಕ್ಕೆ ಕಳಿಸಿದ್ದು ಮಾರಾಟವಲ್ಲ. ಆದರೆ ಆ ಇನ್ನೊಂದು ವ್ಯಾಲೆಟ್ ಬೇರೆ ಎಕ್ಸ್‌ಚೇಂಜ್‌ನಲ್ಲಿದ್ದರೆ, ಆ ಎಕ್ಸ್‌ಚೇಂಜ್‌ಗೆ ನೀವು ಕೊಂಡ ಬೆಲೆ ಗೊತ್ತಿರುವುದಿಲ್ಲ. ಅದರ ವರದಿಯಲ್ಲಿ ಕೊಂಡ ಬೆಲೆ ಸೊನ್ನೆ ಎಂದಿದ್ದರೆ ಮಾರಿದ ಹಣವೆಲ್ಲ ಲಾಭವಾಗಿ ಕಾಣುತ್ತದೆ. ಅಲ್ಲಿ ಮೂಲ ಬೆಲೆಯನ್ನು ನೀವೇ ತುಂಬಿ. ಲಾಭ–ನಷ್ಟ ಕೂಡಿಸಿ ಒಂದೇ ಅಂಕಿ ಕೊಡುವ ಉಚಿತ ಕ್ಯಾಲ್ಕುಲೇಟರ್‌ಗಳನ್ನು ಮುಟ್ಟಲೇಬೇಡಿ.

ಹಂತ 4: ಟಿಡಿಎಸ್ ತಾಳೆ. 2022ರ ಜುಲೈ 1ರಿಂದ ಮಾರಾಟದ ಮೊತ್ತದ ಮೇಲೆ ಶೇ 1 ಕಡಿತವಾಗುತ್ತಿದೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ 26ಎಎಸ್ (ಕಡಿತವಾದ ತೆರಿಗೆಯ ಪಟ್ಟಿ) ಮತ್ತು ಎಐಎಸ್ (ವರ್ಷದ ವಹಿವಾಟಿನ ವಿವರ) ತೆರೆದು ನಿಮ್ಮ ಪಟ್ಟಿಯ ಜೊತೆ ತಾಳೆ ನೋಡಿ. ಇದು ಮುಂಗಡವಾಗಿ ಕಟ್ಟಿದ ತೆರಿಗೆ, ಖರ್ಚಲ್ಲ. ಟಿಡಿಎಸ್ ಕಳೆದ ಮೇಲೂ ವರ್ಷದ ಒಟ್ಟು ತೆರಿಗೆ ₹10,000 ಅಥವಾ ಅದಕ್ಕಿಂತ ಹೆಚ್ಚು ಉಳಿಯುವಂತಿದ್ದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರ ಕಂತುಗಳಲ್ಲಿ ಮುಂಗಡ ತೆರಿಗೆ ಕಟ್ಟಿ, ಇಲ್ಲವಾದರೆ ಬಡ್ಡಿ ಬೀಳುತ್ತದೆ.

ಹಂತ 5: ಆದಾಯ ತೆರಿಗೆ ರಿಟರ್ನ್ (ಐಟಿಆರ್) ಫಾರಂ. ಸಂಬಳದವರಿಗೆ ಐಟಿಆರ್–2, ವ್ಯಾಪಾರಸ್ಥರಿಗೆ ಐಟಿಆರ್–3. ಪ್ರತಿ ವರ್ಷ ಐಟಿಆರ್–4 ಹಾಕುತ್ತಿದ್ದ ಮಂಡಿ ವ್ಯಾಪಾರಿ ಕ್ರಿಪ್ಟೊ ಆದಾಯ ಬಂದ ವರ್ಷ ಐಟಿಆರ್–3ಕ್ಕೆ ಬರಲೇಬೇಕು. ವಿಡಿಎ ಷೆಡ್ಯೂಲ್‌ನಲ್ಲಿ ಹಂತ 3ರ ಸಾಲುಗಳನ್ನು ತುಂಬಿ.

ಇಲ್ಲಿ ಎರಡು ತಪ್ಪು ನಂಬಿಕೆಗಳಿವೆ. ‘ಓದುವ ಹುಡುಗ, ಬೇರೆ ಆದಾಯವಿಲ್ಲ, ತೆರಿಗೆಯೂ ಇಲ್ಲ’ ಎನ್ನುವುದು ಒಂದು. ಮೂಲ ವಿನಾಯಿತಿ ಮಿತಿ ಈ ಆದಾಯಕ್ಕೆ ಅನ್ವಯಿಸದು. ಹೊಸ ತೆರಿಗೆ ಪದ್ಧತಿಯಲ್ಲಿ ಕಡಿಮೆ ಆದಾಯದವರಿಗೆ ಸಿಗುವ ರಿಯಾಯಿತಿಯೂ ಇದಕ್ಕೆ ಇಲ್ಲ. ₹40,000 ಲಾಭಕ್ಕೆ ₹12,480 ಕಟ್ಟಬೇಕು. ಹೆಂಡತಿಯ ಹೆಸರಲ್ಲಿ ಕೊಂಡರೆ ಪಾರಾಗಬಹುದು ಎನ್ನುವುದು ಇನ್ನೊಂದು. ದುಡ್ಡು ಗಂಡನದಾದರೆ ಆದಾಯವೂ ಗಂಡನ ಲೆಕ್ಕಕ್ಕೇ ಸೇರುತ್ತದೆ.

ಪಿ2ಪಿಯಲ್ಲಿ (ನೇರವಾಗಿ ಇನ್ನೊಬ್ಬ ವ್ಯಕ್ತಿಗೆ) ಮಾರುವವರಿಗೆ: ಸಾಧ್ಯವಾದರೆ ಬೇಡ. ಅಪರಿಚಿತರು ಯುಪಿಐನಲ್ಲಿ ಕಳಿಸಿದ ದುಡ್ಡು ಯಾವುದೋ ಸೈಬರ್ ವಂಚನೆಯದ್ದಾಗಿದ್ದರೆ, ಬೇರೆ ರಾಜ್ಯದ ಪೊಲೀಸರ ಸೂಚನೆಯ ಮೇಲೆ ನಿಮ್ಮ ಖಾತೆ ಸ್ಥಗಿತಗೊಳ್ಳಬಹುದು. ಆಗ ದೂರಿನ ಸಂಖ್ಯೆ ಮತ್ತು ಠಾಣೆಯ ಹೆಸರನ್ನು ಬ್ಯಾಂಕ್ ಶಾಖೆಯಿಂದ ಲಿಖಿತವಾಗಿ ಪಡೆಯಿರಿ. ಆರ್ಡರ್ ವಿವರ, ಚಾಟ್, ಪಾವತಿ ರಸೀದಿ, ಕೊಂಡವರ ಕೆವೈಸಿ ಹೆಸರು ಸೇರಿಸಿ ತನಿಖಾಧಿಕಾರಿಗೆ ಇಮೇಲ್ ಮಾಡಿ. ಮೋಸ ಹೋದವರು ನೀವೇ ಆಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ನಿಮ್ಮ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಹೋಗಿ.